ಟ್ರಾಕ್ಟರ್ ಕೊಳ್ಳುವಾಗ ಅಶ್ವಶಕ್ತಿಯ ಲೆಕ್ಕ: ಬೀದರ, ಭಾಲ್ಕಿ, ಔರಾದ್ ರೈತರಿಗೆ

ಬೀದರ ಜಿಲ್ಲೆಯಲ್ಲಿ ಟ್ರಾಕ್ಟರ್ ಕೊಳ್ಳಲು ಹೊರಟ ರೈತರು ಮೊದಲು ವಿಚಾರಿಸುವುದು ಬೆಲೆಯನ್ನು, ಆಮೇಲೆ ಸಾಲದ ಕಂತನ್ನು. ಎಷ್ಟು ಅಶ್ವಶಕ್ತಿಯದು ಬೇಕೆಂಬುದನ್ನು ಬಹುಮಟ್ಟಿಗೆ ಪಕ್ಕದ ಹೊಲದವರ ಟ್ರಾಕ್ಟರೇ ತೀರ್ಮಾನಿಸಿಬಿಟ್ಟಿರುತ್ತದೆ. ನೆರೆಯವರದು 45 ಅಶ್ವಶಕ್ತಿಯದಾದರೆ ತಮ್ಮದು 50 ಇರಲಿ ಎನ್ನುವುದು ಸಹಜ. ಆದರೆ ಆ ಹೆಚ್ಚಿನ ಶಕ್ತಿಗೆ ಕೆಲಸವಿಲ್ಲದಿದ್ದರೆ ಅದರ ಬೆಲೆ, ಬಡ್ಡಿ, ಟೈರು, ಡೀಸೆಲ್ ಎಲ್ಲವನ್ನೂ ಹೊಲವೇ ತೆರಬೇಕಾಗುತ್ತದೆ. ಜಮೀನನ್ನು ಅಡವಿಟ್ಟು ಸಾಲ ತಂದಿದ್ದರೆ ಆ ಹೊಲವೇ ಅಪಾಯಕ್ಕೆ ಸಿಲುಕುತ್ತದೆ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಬಾನೆಟ್ಟಿನ ಮೇಲೆ ಬರೆದ ಮಾದರಿಯ ಅಂಕಿ ಅಶ್ವಶಕ್ತಿಯ ಅಂಕಿಯೇ ಆಗಿರಬೇಕೆಂದಿಲ್ಲ. ಎಂಜಿನ್ನಿನ ಶಕ್ತಿ ಬೇರೆ, ಹಿಂದಿನ ಪಿ.ಟಿ.ಓ. ದಂಡಕ್ಕೆ ತಲುಪುವ ಶಕ್ತಿ ಬೇರೆ, ನೇಗಿಲನ್ನು ಎಳೆಯಲು ಸಿಗುವ ಶಕ್ತಿ ಇನ್ನೂ ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಯಲ್ಲಿ ಈ ಅಂಕಿಗಳೂ ಡೀಸೆಲ್ ಖರ್ಚೂ ದೊರೆಯುತ್ತವೆ. ಮಾರಾಟಗಾರರಿಂದ ಅದನ್ನು ಕೇಳಿ ನೋಡುವುದು ಒಳ್ಳೆಯದು.

ಮಣ್ಣಿಗೆ ತಕ್ಕ ಶಕ್ತಿ

ಬೀದರ ನಗರದ ಸುತ್ತಲಿನ ಎತ್ತರದ ಭೂಮಿ ಜಂಬಿಟ್ಟಿಗೆಯ ಕೆಂಪು ಮಣ್ಣು. ಕೋಟೆಯ ಕಂದಕವನ್ನು ಕಡಿದಿರುವುದೂ ಇದೇ ಕಲ್ಲಿನಲ್ಲಿ. ಇಲ್ಲಿ ಹಲವೆಡೆ ಮಣ್ಣು ತೆಳುವಾಗಿರುವುದರಿಂದ ಆಳವಾಗಿ ಉಳಲು ಆಸ್ಪದವೇ ಇಲ್ಲ. ಔರಾದ್ ಹಾಗೂ ಭಾಲ್ಕಿ ತಾಲೂಕುಗಳ ಎರೆಭೂಮಿಯ ಗುಣ ಬೇರೆ. ಬೇಸಿಗೆಯಲ್ಲಿ ಬಿರಿದು ಕಲ್ಲಿನಂತಾಗುತ್ತದೆ, ಮಳೆ ಬಿದ್ದರೆ ಗಾಲಿಗೆ ಅಂಟಿಕೊಳ್ಳುತ್ತದೆ.

ತಲಾ 30 ಸೆಂ.ಮೀ. ಅಗಲದ ಎರಡು ಕುಳದ ನೇಗಿಲಿನಿಂದ 25 ಸೆಂ.ಮೀ. ಆಳ ಉತ್ತರೆ ಒಮ್ಮೆಗೆ ಕತ್ತರಿಸಬೇಕಾದ ಮಣ್ಣು 1,500 ಚದರ ಸೆಂ.ಮೀ. ಗಟ್ಟಿ ಎರೆಮಣ್ಣು ಪ್ರತಿ ಚದರ ಸೆಂ.ಮೀ.ಗೆ 0.8 ಕಿಲೋ ತಡೆ ಒಡ್ಡುತ್ತದೆಂದು ಹಿಡಿದರೆ ಒಟ್ಟು ಎಳೆತ 1,200 ಕಿಲೋ. ಗಂಟೆಗೆ ಮೂರೂವರೆ ಕಿ.ಮೀ. ವೇಗದಲ್ಲಿ ಇದನ್ನು ಎಳೆಯಲು ಸುಮಾರು 15.5 ಅಶ್ವಶಕ್ತಿ ಬೇಕು. ಮೆದು ನೆಲದಲ್ಲಿ ಎಂಜಿನ್ನಿನ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಎಳೆತಕ್ಕೆ ಒದಗುವುದರಿಂದ ಎಂಜಿನ್ 28 ಅಶ್ವಶಕ್ತಿ ಕೊಡಬೇಕಾಗುತ್ತದೆ. ಮೇಲೆ ಕಾಲು ಪಾಲು ಮೀಸಲು ಇಟ್ಟುಕೊಂಡರೆ 35 ಅಶ್ವಶಕ್ತಿ. ಅದೇ ನೇಗಿಲನ್ನು, ಮಣ್ಣು ಆಳವಿರುವೆಡೆ, ಹದದಲ್ಲಿರುವ ಕೆಂಪು ಮಣ್ಣಿಗೆ ಹೂಡಿ ತಡೆಯನ್ನು 0.5 ಕಿಲೋ ಎಂದು ಹಿಡಿದರೆ ಮೀಸಲೂ ಸೇರಿ 22 ಅಶ್ವಶಕ್ತಿ ಸಾಕು. ಒಂದೇ ಜಿಲ್ಲೆಯಲ್ಲಿ ಒಂದೇ ನೇಗಿಲಿಗೆ ಇಷ್ಟು ಅಂತರವಿರುವಾಗ ಬೀದರದ ರೈತರು ಔರಾದಿನವರನ್ನು ನೋಡಿ ಟ್ರಾಕ್ಟರ್ ಆರಿಸುವುದು ಸರಿಯಲ್ಲ.

ಭಾಲ್ಕಿ ಕಡೆ ಕಬ್ಬು ಸಾಗಿಸುವವರ ಲೆಕ್ಕವೇ ಬೇರೆ. ತುಂಬಿದ ಟ್ರೇಲರುಗಳನ್ನು ಎಳೆಯುವುದಷ್ಟೇ ಅಲ್ಲ, ಇಳಿಜಾರಿನಲ್ಲಿ ತಡೆದು ನಿಲ್ಲಿಸಬೇಕು. ಇದಕ್ಕೆ ಅಶ್ವಶಕ್ತಿಯ ಜೊತೆಗೆ ಟ್ರಾಕ್ಟರಿನ ತೂಕವೂ ಬ್ರೇಕೂ ಮುಖ್ಯ. ಸಣ್ಣ ಟ್ರಾಕ್ಟರಿಗೆ ಎರಡು ಟ್ರೇಲರು ಕಟ್ಟಿ ಉಳಿಸುವ ಡೀಸೆಲ್ ಪ್ರಾಣಕ್ಕೆ ಸಮನಲ್ಲ. ವರ್ಷದಲ್ಲಿ ತಿಂಗಳುಗಟ್ಟಲೆ ಕಬ್ಬು ಹೊರುವವರು 45ರಿಂದ 50 ಅಶ್ವಶಕ್ತಿಯದನ್ನು ಕೊಳ್ಳುವುದರಲ್ಲಿ ಅರ್ಥವಿದೆ.

ಡೀಸೆಲ್ ಎಲ್ಲಿ ಹೋಗುತ್ತದೆ?

ದೊಡ್ಡ ಎಂಜಿನ್ ಯಾವಾಗಲೂ ಹೆಚ್ಚು ಕುಡಿಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ತಕ್ಕ ಹೊರೆ ಇದ್ದಾಗ ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 0.22 ಲೀಟರ್ ಸುಡುತ್ತದೆ. ಎಂಜಿನ್ ಸಣ್ಣದಿರಲಿ ದೊಡ್ಡದಿರಲಿ, ಇದರಲ್ಲಿ ಬಹಳ ವ್ಯತ್ಯಾಸವಿಲ್ಲ. ಭಾರದ ಉಳುಮೆಗೆ ದೊಡ್ಡ ಟ್ರಾಕ್ಟರ್ ಹೂಡಿ, ಗೇರು ಏರಿಸಿ ಎಂಜಿನ್ನಿನ ವೇಗ ತಗ್ಗಿಸಿದರೆ ಎಕರೆಯ ಡೀಸೆಲ್ ಸಣ್ಣದಕ್ಕೆ ಹತ್ತಿರವೇ ಬರುತ್ತದೆ. ಪೋಲಾಗುವುದು ಹಗುರ ಕೆಲಸದಲ್ಲಿ. ತೊಗರಿಗೆ ಔಷಧಿ ಸಿಂಪಡಿಸುವುದಕ್ಕೆ, ಸಂತೆಗೆ ನಾಲ್ಕು ಚೀಲ ಉದ್ದು ಒಯ್ಯುವುದಕ್ಕೆ 50 ಅಶ್ವಶಕ್ತಿಯ ಟ್ರಾಕ್ಟರ್ ಹೊರಟರೆ ಸುಟ್ಟ ಎಣ್ಣೆಯ ಹೆಚ್ಚಿನ ಭಾಗ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲು, ತನ್ನ ತೂಕವನ್ನು ತಾನೇ ಹೊರಲು ಹೋಗುತ್ತದೆ. ಸಣ್ಣ ಟ್ರಾಕ್ಟರನ್ನು ಮಿತಿಮೀರಿ ದುಡಿಸುವುದೂ ನಷ್ಟವೇ. ಎಂಜಿನ್ ಕಪ್ಪು ಹೊಗೆ ಕಾರುತ್ತದೆ, ಗಾಲಿ ಜಾರುತ್ತದೆ, ಕ್ಲಚ್ ಬೇಗ ಸವೆಯುತ್ತದೆ.

ಡೀಸೆಲ್ ಅಳೆಯಲು ಯಾವ ಉಪಕರಣವೂ ಬೇಡ. ಸಮನೆಲದಲ್ಲಿ ನಿಲ್ಲಿಸಿ ಟಾಕಿಯನ್ನು ಬಾಯಿತನಕ ತುಂಬಿಸಿ, ಎರಡು ಎಕರೆ ಉತ್ತು, ಅದೇ ಜಾಗದಲ್ಲಿ ಮತ್ತೆ ಅಳತೆಯ ಡಬ್ಬಿಯಿಂದ ತುಂಬಿಸಿದರೆ ಹಿಡಿದ ಎಣ್ಣೆಯೇ ಖರ್ಚಾದ ಎಣ್ಣೆ. ಕೊಳ್ಳುವ ಮುಂಚೆ ಪ್ರಾತ್ಯಕ್ಷಿಕೆ ತಮ್ಮ ಹೊಲದಲ್ಲೇ ಆಗಲಿ ಎಂದು ರೈತರು ಪಟ್ಟು ಹಿಡಿಯಬೇಕು. ರಸ್ತೆಯ ಮೇಲೆ ಓಡಿಸಿ ತೋರಿಸುವುದರಿಂದ ಏನೂ ತಿಳಿಯದು.

ನಿಂತಲ್ಲೇ ತಗಲುವ ಖರ್ಚು

ಡೀಸೆಲ್ ಕಣ್ಣಿಗೆ ಕಾಣುವ ಖರ್ಚು. ಕೊಟ್ಟಿಗೆಯಲ್ಲಿ ನಿಂತಿದ್ದರೂ ಏರುತ್ತಿರುವುದು ಸವಕಳಿ ಮತ್ತು ಬಡ್ಡಿ. ಲೆಕ್ಕಕ್ಕಾಗಿ 35 ಅಶ್ವಶಕ್ತಿಯದಕ್ಕೆ 6,00,000 ರೂ., 50ರದಕ್ಕೆ 8,50,000 ರೂ. ಎಂದು ಹಿಡಿಯಬಹುದು. ರೈತರು ತಮಗೆ ಹೇಳಿದ ಬೆಲೆಯನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು. ಆಯುಷ್ಯ 10 ವರ್ಷ, ಕೊನೆಗೆ ಉಳಿಯುವ ಬೆಲೆ ಹತ್ತರಲ್ಲಿ ಒಂದು ಪಾಲು, ಬಡ್ಡಿ ಸರಾಸರಿ ಬಂಡವಾಳದ ಮೇಲೆ ಶೇಕಡಾ 10, ವಿಮೆ ಮತ್ತು ಕೊಟ್ಟಿಗೆಗೆ ಬೆಲೆಯ ಶೇಕಡಾ 2 ಎಂದಾದರೆ ಸಣ್ಣದಕ್ಕೆ ವರ್ಷಕ್ಕೆ 99,000 ರೂ., ದೊಡ್ಡದಕ್ಕೆ 1,40,250 ರೂ. ಬೀಳುತ್ತದೆ. ವ್ಯತ್ಯಾಸ 41,250 ರೂ. 2025-26ರ ಬೆಂಬಲ ಬೆಲೆಯಾದ 5,328 ರೂ.ಗಳಂತೆ ಇದು ಹತ್ತಿರ ಹತ್ತಿರ 8 ಕ್ವಿಂಟಾಲ್ ಸೋಯಾ ಅವರೆ.

ಇದಕ್ಕೆ ಓಡಿಸುವ ಖರ್ಚು ಸೇರಬೇಕು. ಡೀಸೆಲ್ ಲೀಟರಿಗೆ 90 ರೂ. ಎಂದು ಹಿಡಿದು, ಗಂಟೆಗೆ ಸಣ್ಣದು ನಾಲ್ಕೂವರೆ ಲೀಟರ್, ದೊಡ್ಡದು ಐದೂವರೆ ಲೀಟರ್ ಸುಟ್ಟರೆ, ಕೀಲೆಣ್ಣೆ, ದುರಸ್ತಿ, ಚಾಲಕನ ಕೂಲಿ ಕೂಡಿ ಗಂಟೆಗೆ ಸುಮಾರು 580 ಮತ್ತು 705 ರೂ. ಆಗುತ್ತದೆ. ಟೈರಿನ ಬಾಬತ್ತನ್ನು ಮರೆಯಬಾರದು. 35ರದಕ್ಕೆ ಸಾಮಾನ್ಯವಾಗಿ 12.4 ಅಥವಾ 13.6-28 ಅಳತೆಯ ಹಿಂದಿನ ಟೈರು, 50ರದಕ್ಕೆ 14.9 ಅಥವಾ 16.9-28. ಅಳತೆ ಏರಿದಂತೆ ಜೋಡಿಯ ಬೆಲೆಯೂ ಏರುತ್ತದೆ.

ಊರಿನಲ್ಲಿ ಬಾಡಿಗೆ ಗಂಟೆಗೆ 900 ರೂ. ಇದ್ದರೆ ಸ್ವಂತ 35 ಅಶ್ವಶಕ್ತಿಯ ಟ್ರಾಕ್ಟರ್ ಬಾಡಿಗೆಗೆ ಸರಿಸಮ ಬೀಳಲು ವರ್ಷಕ್ಕೆ ಸುಮಾರು 310 ಗಂಟೆ ದುಡಿಯಬೇಕು. ಅದೇ ಸಾಮಾನು ಎಳೆದು ಅದೇ ಬಾಡಿಗೆ ಪಡೆದರೆ 50ರದು 720 ಗಂಟೆ ದುಡಿಯಬೇಕಾಗುತ್ತದೆ. ಅಗಲ ಸಾಮಾನು ಹೂಡಿ ಗಂಟೆಗೆ 1,100 ರೂ. ಗಳಿಸಿದರೆ ಮಾತ್ರ ಈ ಅಂಕಿ 355ಕ್ಕೆ ಇಳಿಯುತ್ತದೆ. ದೊಡ್ಡ ಟ್ರಾಕ್ಟರಿಗೆ ಹಳೆಯ ಸಣ್ಣ ಕಲ್ಟಿವೇಟರನ್ನೇ ಕಟ್ಟಿ ಓಡಿಸುವವರಿಗೆ ಎರಡೂ ಕಡೆಯ ನಷ್ಟ.

ಇನ್ನು 20 ಎಕರೆ ಮಳೆಯಾಶ್ರಿತ ಎರೆಭೂಮಿಗೆ ಎಷ್ಟು ಗಂಟೆ ಕೆಲಸವಿದೆ? ಎರಡು ಕುಳದ ನೇಗಿಲು ಎಕರೆಗೆ 2.4 ಗಂಟೆ ಹಿಡಿಯುವುದರಿಂದ ಉಳುಮೆಗೆ 48 ಗಂಟೆ. ಎರಡು ಮೀಟರ್ ಅಗಲದ ಕಲ್ಟಿವೇಟರ್ ಎರಡು ಸಲ ಹಾಯಿಸಲು 22, ಸೋಯಾ ಬಿತ್ತನೆಗೆ 14 ಗಂಟೆ. ಹಿಂಗಾರಿ ಕಡಲೆ, ಸಿಂಪರಣೆ, ಸಾಗಾಣಿಕೆ ಸೇರಿ ಒಟ್ಟು 140 ಗಂಟೆಯ ಸುಮಾರು. ಅಂದರೆ 35ರದನ್ನು ಕೊಂಡರೂ ಉಳಿದ 170 ಗಂಟೆ ಬಾಡಿಗೆಗೆ ಓಡಿಸಲೇಬೇಕು. ಆ ಬಾಡಿಗೆ ಊರಲ್ಲಿ ಸಿಗುವುದೇ, ಊರಲ್ಲಿ ಈಗಾಗಲೇ ಎಷ್ಟು ಟ್ರಾಕ್ಟರುಗಳಿವೆ, ಎಣಿಸಿ ನೋಡಬೇಕು. ಎಂಟು ಹತ್ತು ಎಕರೆಯವರಿಗೆ 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರವೋ, ಅಣ್ಣತಮ್ಮಂದಿರ ಕೂಡುಖರೀದಿಯೋ ಲೇಸು.

ದೊಡ್ಡದರ ಪರವಾಗಿ ಒಂದು ಬಲವಾದ ಮಾತಿದೆ. ಎರೆಭೂಮಿಯಲ್ಲಿ ಹದ ಸಿಗುವ ದಿನಗಳು ಕಡಿಮೆ. ಮುಂಗಾರಿನಲ್ಲಿ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ದಿನ ಸಿಕ್ಕರೆ ಅದರಲ್ಲೇ ಬಿತ್ತನೆ ಮುಗಿಯಬೇಕು. ಆದರೆ 20 ಎಕರೆಯ 14 ಗಂಟೆ ಎಂದರೆ ಎರಡು ದಿನದ ಕೆಲಸ, 35ರದಕ್ಕೆ ಸಾಧ್ಯ. 60, 80 ಎಕರೆ ಇರುವವರಿಗೆ ಅಥವಾ ಊರಿಗೆಲ್ಲ ಬಿತ್ತಿಕೊಡುವವರಿಗೆ ದೊಡ್ಡದೇ ಬೇಕು. ಆಗಲೂ ಹಸಿ ನೆಲಕ್ಕೆ ಭಾರದ ಟ್ರಾಕ್ಟರ್ ಇಳಿಸಬಾರದು. ಗಾಲಿಯ ಅಡಿಯಲ್ಲಿ ಗಟ್ಟಿಪದರ ಕಟ್ಟಿ ತೊಗರಿಯ ತಾಯಿಬೇರು ಕೆಳಗಿಳಿಯಲಾರದೆ ಹೋಗುತ್ತದೆ.

ಇರುವ ಟ್ರಾಕ್ಟರ್ ಸಾಲದೆಂದು ಬದಲಾಯಿಸಲು ಹೊರಟವರು ಮೊದಲು ಗಾಲಿ ಜಾರುವುದನ್ನು ಅಳೆಯಬೇಕು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತಿನಲ್ಲಿ ಹೋದ ದೂರವನ್ನೂ, ನೇಗಿಲು ಊರಿ ಹತ್ತು ಸುತ್ತಿನಲ್ಲಿ ಹೋದ ದೂರವನ್ನೂ ಹೆಜ್ಜೆ ಹಾಕಿ ಅಳೆಯಬಹುದು. ನೂರು ಹೆಜ್ಜೆಗೆ ಹದಿನೈದಕ್ಕಿಂತ ಹೆಚ್ಚು ಕಡಿಮೆಯಾದರೆ ಕೊರತೆ ಅಶ್ವಶಕ್ತಿಯದಲ್ಲ, ಹಿಡಿತದ್ದು. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿ, ಸವೆದ ಟೈರು ಬದಲಿಸಿ, ನೇಗಿಲಿನ ಕುಳ ಬಡಿಸಿ ಮತ್ತೊಮ್ಮೆ ಅಳೆದು ನೋಡಿದ ಮೇಲೆ ಹೊಸದರ ಮಾತು ತೆಗೆಯಬಹುದು.