ಕಿತ್ತೂರಿನ ಅರಮನೆಯ ಧ್ರುವರಂಧ್ರವೂ ಶಾಲೆಯ ಪಾಠವೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಶಾಲೆಗಳವರು ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆತರುವುದು ವಾಡಿಕೆ. ಅಲ್ಲಿಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಆಯುಧಗಳನ್ನೂ ಶಿಲ್ಪಗಳನ್ನೂ ನೋಡಿ, 1824ರ ಯುದ್ಧದ ವೃತ್ತಾಂತವನ್ನು ಕೇಳಿ ಅವರು ಮರಳುವರು. ಇತಿಹಾಸಕ್ಕೆ ಕಿತ್ತೂರು, ವಿಜ್ಞಾನಕ್ಕೆ ಧಾರವಾಡದಲ್ಲಿ 2012ರಲ್ಲಿ ತೆರೆದ ಪ್ರಾದೇಶಿಕ ವಿಜ್ಞಾನ ಕೇಂದ್ರ, ಎಂಬ ವಿಭಾಗವು ಉಪಾಧ್ಯಾಯರ ಮನಸ್ಸಿನಲ್ಲಿ ಬೇರೂರಿದಂತೆ ತೋರುತ್ತದೆ. ಇದು ಯುಕ್ತವಲ್ಲವೆಂಬುದಕ್ಕೆ ಕೋಟೆಯೊಳಗೇ ಸಾಧನವುಂಟು.

ಪಾಳುಬಿದ್ದ ಅರಮನೆಯಲ್ಲಿ ಒಂದು ರಂಧ್ರವನ್ನು ತೋರಿಸಿ, ಇದು ಧ್ರುವನಕ್ಷತ್ರವನ್ನು ನೋಡಲು ಇರಿಸಿದುದೆಂದು ಹೇಳುವರು. ಕೇಳಿದವರು ಆಶ್ಚರ್ಯಪಟ್ಟು ಮುಂದೆ ಸಾಗುವರು. ಅಳೆದು ನೋಡಬೇಕೆಂಬ ಯೋಚನೆ ಯಾರಿಗೂ ಬಾರದು. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಅಂಶ ಮೇಲೆ ಕಾಣುವುದೋ ಹೆಚ್ಚುಕಡಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಿತ್ತೂರಿಗೆ ಅದು ಸುಮಾರು 15½. ಹಾಗಾದರೆ ರಂಧ್ರವು ನೇರ ಉತ್ತರಕ್ಕೆ ಮುಖಮಾಡಿರಬೇಕು. ಅದರೊಳಗಿಂದ ಕಾಣುವ ಆಕಾಶದ ತುಣುಕಿನಲ್ಲಿ ಆ ಎತ್ತರವು ಸೇರಿರಬೇಕು. ಒಂದು ಕೋನಮಾಪಕ, ಒಂದು ದಾರ, ದಾರದ ತುದಿಗೊಂದು ಕಲ್ಲು ಇದ್ದರೆ ಹತ್ತನೆಯ ತರಗತಿಯ ವಿದ್ಯಾರ್ಥಿಯು ಇದನ್ನು ಪರೀಕ್ಷಿಸಬಲ್ಲನು. ಐತಿಹ್ಯವು ನಿಂತರೂ ಬಿದ್ದರೂ ಪಾಠಕ್ಕೆ ಲೋಪವಿಲ್ಲ.

ಸಂಗ್ರಹಾಲಯದ ವೇಳೆ ಹಗಲು, ನಕ್ಷತ್ರದ ವೇಳೆ ರಾತ್ರಿ. ಇದೊಂದು ತೊಡಕು ಅಹುದು. ಹಗಲಿನಲ್ಲಿ ರಂಧ್ರವನ್ನಳೆದು, ನಿರ್ಮಲವಾದ ರಾತ್ರಿಯಲ್ಲಿ ತಮ್ಮ ತಮ್ಮ ಊರಿನಿಂದ ನಕ್ಷತ್ರವನ್ನಳೆಯುವಂತೆ ಮಕ್ಕಳಿಗೆ ಹೇಳಿದರೆ ತೀರಿತು. ಕಿತ್ತೂರಿಗೂ ರಾಮದುರ್ಗಕ್ಕೂ ಅಕ್ಷಾಂಶದಲ್ಲಿರುವ ಅಂತರವು ಅರ್ಧ ಅಂಶಕ್ಕಿಂತ ಕಡಮೆ. ಶಾಲೆಯ ಕೋನಮಾಪಕಕ್ಕೆ ಅದು ನಿಲುಕದು. ನಾಲ್ಕು ಊರುಗಳ ಅಂಕಿಗಳಲ್ಲಿ ಎರಡು ಮೂರು ಅಂಶಗಳ ಭೇದ ಬಂದರೆ ಅದು ಕೈಯ ತಪ್ಪೇ ಹೊರತು ಊರಿನ ಗುಣವಲ್ಲ. ಅಳತೆಯ ಮಿತಿಯನ್ನು ಇಷ್ಟು ಸುಲಭವಾಗಿ ಮನಗಾಣಿಸುವ ಉಪಾಯವು ಬೇರೊಂದು ನನಗೆ ತೋರದು.

ಸಾಹಿತ್ಯದ ಉಪಾಧ್ಯಾಯರಿಗೂ ಇಲ್ಲಿ ಕೆಲಸವಿದೆ. ಧ್ರುವವೆಂದರೆ ಅಚಲವೆಂದು ನಾವು ಅರ್ಥ ಹೇಳುತ್ತೇವೆ. ಆದರೆ ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಸುತ್ತಿ ಬರುವುದರಿಂದ ಧ್ರುವಬಿಂದುವೇ ನಕ್ಷತ್ರಗಳ ನಡುವೆ ಸರಿಯುತ್ತದೆ. 1824ರಲ್ಲಿ ಈ ನಕ್ಷತ್ರವು ಆ ಬಿಂದುವಿನಿಂದ ಒಂದೂವರೆ ಅಂಶಕ್ಕೂ ತುಸು ಹೆಚ್ಚು ದೂರದಲ್ಲಿತ್ತು. ಈಗ ಮುಕ್ಕಾಲು ಅಂಶಕ್ಕಿಂತ ಕಡಮೆ. ಚೆನ್ನಮ್ಮನ ಕಾಲದಲ್ಲಿ ಕಿತ್ತೂರಿನಿಂದ ನೋಡಿದವರಿಗೆ ಅದು ದಿನವೊಂದರಲ್ಲಿ ಸುಮಾರು 14ರಿಂದ 17 ಅಂಶದವರೆಗೆ ಏರಿಳಿಯುತ್ತಿತ್ತು; ರಂಧ್ರದ ಅಗಲವನ್ನು ವಿಚಾರಿಸುವಾಗ ಇದನ್ನು ಮರೆಯಲಾಗದು. ವಿವಾಹದಲ್ಲಿ ವಧುವಿಗೆ ಧ್ರುವನನ್ನು ತೋರಿಸುವ ವಿಧಿಯು ಗೃಹ್ಯಸೂತ್ರಗಳಲ್ಲಿದೆ. ಆ ಸೂತ್ರಗಳ ಕಾಲದಲ್ಲಿ ಇಂದಿನ ಧ್ರುವನಕ್ಷತ್ರವು ಧ್ರುವಬಿಂದುವಿನಿಂದ ಹತ್ತು ಅಂಶಕ್ಕೂ ಹೆಚ್ಚು ದೂರದಲ್ಲಿತ್ತು. ಹೆಸರು ಉಳಿಯಿತು, ವಿಧಿ ಉಳಿಯಿತು; ಅಚಲವೆಂದು ನಂಬಿದುದು ಮಾತ್ರ ಸ್ಥಳ ಬಿಟ್ಟಿತು.

ವರ್ಷವರ್ಷವೂ ಬರುವ ಮಕ್ಕಳ ಅಳತೆಗಳನ್ನು ಬರೆದಿಡಲು ಕಿತ್ತೂರಿನ ಸಂಗ್ರಹಾಲಯದಲ್ಲಿ ಒಂದು ದಪ್ತರವನ್ನಿಟ್ಟರೆ, ಹಿಂದಿನವರ ಅಂಕಿಗಳನ್ನು ಮುಂದಿನವರು ತಿದ್ದಬಹುದು.