ತೆಗೆದು ಕಟ್ಟಿದ ಊರು

ಬೀದರ್ ಕೋಟೆಯ ಹೊರಗೆ ಖಂದಕದ ಅಂಚಿನಲ್ಲಿ ನಿಂತು ಕೆಳಗೆ ನೋಡಿ. ಒಂದರ ಪಕ್ಕ ಒಂದರಂತೆ ಮೂರು ಖಂದಕ, ನಡುವೆ ಎರಡು ಗೋಡೆ. ಆ ಗೋಡೆಗಳಲ್ಲಿ ಕಲ್ಲು ಕಲ್ಲಿನ ನಡುವಿನ ಸಂದು ಹುಡುಕಿದರೆ ಸಿಗುವುದಿಲ್ಲ, ಗಾರೆ ಹುಡುಕಿದರೂ ಸಿಗುವುದಿಲ್ಲ. ಅವನ್ನು ಯಾರೂ ಕಟ್ಟಲಿಲ್ಲ. ಸುತ್ತಲಿನ ಬಂಡೆಯನ್ನೆಲ್ಲ ಕಡಿದು ತೆಗೆದರು, ಗೋಡೆಯಷ್ಟನ್ನು ಬಿಟ್ಟರು. ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ 1429ರಲ್ಲಿ ಶುರುವಾದ ಕೋಟೆಯ ಕೆಲಸ 1432ಕ್ಕೆ ಮುಗಿಯಿತು. 37 ಬುರುಜು, ಮೂರು ಸಾಲಿನ ಖಂದಕ, ಬರೀ ಮೂರು ವರ್ಷ! ಯಂತ್ರವಿಲ್ಲ, ಇದ್ದದ್ದು ಉಳಿ, ಸುತ್ತಿಗೆ, ಹಾರೆ, ಬುಟ್ಟಿ ಮತ್ತು ಮನುಷ್ಯರ ರಟ್ಟೆ.

ಈ ಊರು ನಿಂತಿರುವುದು ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಜಂಬಿಟ್ಟಿಗೆಯ ಮೈತುಂಬ ರಂಧ್ರ. ಮಳೆ ಬಿದ್ದರೆ ಹೀರಿಕೊಳ್ಳುತ್ತದೆ. ಅದರ ಕೆಳಗಿರುವುದು ಗಟ್ಟಿ ಕರಿಕಲ್ಲು, ನೀರು ಅದರೊಳಗೆ ಇಳಿದು ಹೋಗಲಾರದು. ಎರಡು ಕಲ್ಲು ಕೂಡುವ ಕಡೆ ಅಡ್ಡಕ್ಕೆ ಹರಿದು, ದಂಡೆ ಸಿಕ್ಕಲ್ಲಿ ಝರಿಯಾಗಿ ಹೊರಬರುತ್ತದೆ. ಗುರು ನಾನಕ್ ಝೀರಾ ಗುರುದ್ವಾರದಲ್ಲಿ ಇರುವುದು ಅಂಥದೇ ಝರಿ, ಝರಣಿ ನರಸಿಂಹನ ಗುಡಿಯಲ್ಲಿ ಇರುವುದೂ ಅಂಥದೇ. ಝರಣಿಯಲ್ಲಿ ದೇವರನ್ನು ನೋಡಬೇಕಾದರೆ ಸುಮಾರು 300 ಮೀಟರ್ ಸುರಂಗದೊಳಗೆ ಸೊಂಟಮಟ್ಟದ, ಕೆಲವೊಮ್ಮೆ ಎದೆಮಟ್ಟದ ನೀರಿನಲ್ಲೇ ನಡೆಯಬೇಕು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ಮೇಲೆ ಚಾವಣಿಗೆ ಬಾವಲಿಗಳು ಜೋತುಬಿದ್ದಿರುತ್ತವೆ. ಮಗು ತಲೆ ಬಗ್ಗಿಸುತ್ತದೆ, ಅಪ್ಪನ ಕೂದಲು ಗಟ್ಟಿಯಾಗಿ ಹಿಡಿಯುತ್ತದೆ.

ಈ ಕಲ್ಲಿನ ಗುಣವನ್ನು ಬಹಮನಿ ಕಾಲದವರು ಎಷ್ಟು ಚೆನ್ನಾಗಿ ಓದಿದ್ದರು ಎಂಬುದನ್ನು ನೋಡಲು ಊರ ಪಕ್ಕದ ನೌಬಾದ್‌ಗೆ ಹೋಗಬೇಕು. ಅಲ್ಲಿ ನೆಲದಡಿ ಸುಮಾರು ಮೂರು ಕಿಲೋಮೀಟರ್ ಉದ್ದದ ಕಾಲುವೆ ಇದೆ. ಪರ್ಷಿಯಾದ ಕಡೆಯಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು, ನಮ್ಮವರ ಬಾಯಲ್ಲಿ ಸುರಂಗ ಬಾವಿ. ಸಾಲಾಗಿ 21 ಬಾವಿ ತೋಡಿ, ತಳದಲ್ಲಿ ಒಂದರಿಂದ ಇನ್ನೊಂದಕ್ಕೆ ಸುರಂಗ ಕೊರೆದಿದ್ದಾರೆ. ಲೆಕ್ಕ ಹಾಕಿದರೆ ಸರಾಸರಿ 140 ಮೀಟರಿಗೊಂದು ಬಾವಿ. ಕೊರೆಯುವವನಿಗೆ ಗಾಳಿ, ಬೆಳಕು ಇಳಿದದ್ದೂ ಕಡಿದ ಕಲ್ಲು ಮೇಲೇರಿದ್ದೂ ಆ ಬಾವಿಗಳಿಂದಲೇ. ಇಳಿಜಾರು ಹೆಚ್ಚಾದರೆ ನೀರಿನ ಓಟಕ್ಕೆ ತಳ ಕೊರೆದುಹೋಗುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಆಕಾಶ ಕಾಣದ ಕಡೆ, ದೀಪದ ಬೆಳಕಿನಲ್ಲಿ, ಮೂರು ಕಿಲೋಮೀಟರ್ ದೂರಕ್ಕೂ ಆ ವಾಟ ತಪ್ಪದಂತೆ ನೋಡಿಕೊಂಡವರ ಹೆಸರು ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲ. ಸುಲ್ತಾನರ ಹೆಸರಿಗಿಂತ ಅವರ ಹೆಸರು ತಿಳಿಯಬೇಕೆಂಬ ಆಸೆ ನನಗೆ.

ನೆಲದ ಮೇಲೆ ಕಟ್ಟಿದ್ದು ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಇರಾನಿನ ಗಿಲಾನ್‌ನಿಂದ ಬಂದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಮಿನಾರಿನ ಎತ್ತರ 131 ಅಡಿ. ಗ್ರಂಥಾಲಯದಲ್ಲಿ 3,000 ಪುಸ್ತಕಗಳಿದ್ದವಂತೆ. ಕಟ್ಟಿಸಿದವನನ್ನು ಒಂಬತ್ತೇ ವರ್ಷಕ್ಕೆ, ಯಾರೋ ಸೃಷ್ಟಿಸಿದ ಸುಳ್ಳು ಪತ್ರ ನಂಬಿ ಸುಲ್ತಾನನೇ ಕೊಲ್ಲಿಸಿದ. ಮುಂದೆ ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲೇ ಹಾರಿಹೋಯಿತು.

ಬೀದರ್ ಕೋಟೆಯ ಮಣ್ಣು ಮಾತ್ರ ಇವತ್ತಿಗೂ ಬೇಕು. ಬಿದ್ರಿ ಎಂಬ ಲೋಹದ ಕುಸುರಿ ಕೆಲಸದವರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಆ ಎರಕ ಕಪ್ಪಾಗಬೇಕಾದರೆ ಬಿಸಿಲು ಮಳೆ ಕಾಣದ ಕೋಟೆಯ ಹಳೇ ಮಣ್ಣೇ ಆಗಬೇಕು. ಅನುಭವಸ್ಥರು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿ, ಇದು ಆದೀತು, ಇದು ಆಗದು ಅನ್ನುತ್ತಾರೆ. ಆದೀತು ಅಂದ ಮಣ್ಣಿನಲ್ಲಿ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳಾದಾಗ, ಜಿಲ್ಲೆಯನ್ನೇ ಕಡಿದರು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಉಳಿದದ್ದು ನಮ್ಮ ಬೀದರ್, ಇಂದು 5,448 ಚದರ ಕಿಲೋಮೀಟರ್. ಮಾಂಜ್ರಾ ದಾಟಿದರೆ ಔರಾದ್, ಕರ್ನಾಟಕದ ಉತ್ತರದ ಕಟ್ಟಕಡೆಯ ಸೀಮೆ. ಹೈದರಾಬಾದಿಗೆ ಬೀದರ್‌ನಿಂದ 150 ಕಿಲೋಮೀಟರ್ ಕೂಡ ಇಲ್ಲ, ಬೆಂಗಳೂರಿಗೆ 700. ಇಲ್ಲಿನ ಬಹುಪಾಲು ಮಳೆನೀರು ಕೃಷ್ಣೆಗಲ್ಲ, ಮಾಂಜ್ರಾ ಹಿಡಿದು ಗೋದಾವರಿಗೆ ಸೇರುತ್ತದೆ.

ಇಷ್ಟು ದೂರದಲ್ಲಿ, 224 ವರ್ಷದ ನಿಜಾಮರ ಆಳ್ವಿಕೆಯ ನಂತರವೂ ಕನ್ನಡ ಉಳಿದದ್ದು ಹೇಗೆ ಎಂದು ಕೇಳಿದರೆ ಜನ ಭಾಲ್ಕಿಯ ಹಿರೇಮಠದ ಕಡೆ ಕೈ ತೋರಿಸುತ್ತಾರೆ. ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿ, ನೂರು ದಾಟಿ ಬದುಕಿ, 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರು ಅಲ್ಲಿನ ಪೂಜ್ಯರು. ಸರ್ಕಾರದ ಭಾಷೆ ಉರ್ದುವಾಗಿದ್ದ ಆ ದಿನಗಳಲ್ಲಿ ಅವರ ಶಾಲೆಯ ಹೊರಗೆ ಉರ್ದು ಬೋರ್ಡು ತೂಗುತ್ತಿತ್ತು. ಒಳಗೆ ಮಕ್ಕಳು ಕೂತು ಅ, ಆ, ಇ, ಈ ತಿದ್ದುತ್ತಿದ್ದರು.