ಪಾಸಿನ ದರ ಏರಿತು, ಬಸ್ಸಿನ ದಾರಿ ಹೋಯಿತು
ಪುಣೆಗೆ ದುಡಿಯಲು ಹೋಗುವ ಗಡಿಭಾಗದವರ ಲೆಕ್ಕ

ಮಾಕಣಿ: ನಿಮ್ನ ತೇರಣಾ ಧರಣದ ಮಗ್ಗುಲಿನ ಈ ಭಾಗದಿಂದ ದುಡಿಯಾಕ, ಕಲಿಯಾಕ ಹೊರಟವರಿಗೆ ಪುಣೆ ಅಂದರೆ ಮೊದಲು ಹಡಪಸರ. ಉಮರ್ಗಾಕ್ಕೆ ಬಂದು ಹೆದ್ದಾರಿ ಹಿಡಿದರೆ ಸೊಲ್ಲಾಪುರ ದಾಟಿ ಎಸ್‌ಟಿ ಸೀದಾ ಅಲ್ಲಿಗೇ ಒಯ್ಯುತ್ತದೆ. ಮುನ್ನೂರು ಕಿ.ಮೀ. ಮೀರಿದ ಈ ಹಾದಿ ಹೇಗೋ ಮುಗಿಯುತ್ತದೆ. ನಿಜವಾದ ತ್ರಾಸು ಶುರು ಆಗೋದು ಗಾಡಿತಳದಲ್ಲಿ ಇಳಿದ ಮೇಲೆ.

2023ರ ಮಾರ್ಚ್‌ನಿಂದ ಎಸ್‌ಟಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಊರಿಂದ ಪುಣೆ ತನಕದ ಖರ್ಚು ಇಳಿಯಿತು. ಆದರೆ ಪುಣೆಯ ಒಳಗಿನ ಖರ್ಚು ಏರಿತು. ಅಲ್ಲಿನ ನಗರ ಸಾರಿಗೆ ಸಂಸ್ಥೆ ಪಿಎಂಪಿಎಂಎಲ್ 2025ರ ಜೂನ್‌ನಲ್ಲಿ ದಿನದ ಪಾಸನ್ನು 40 ರೂ.ದಿಂದ 70ಕ್ಕೆ, ತಿಂಗಳ ಪಾಸನ್ನು 900 ರೂ.ದಿಂದ 1,500ಕ್ಕೆ ಏರಿಸಿತು. ಒಬ್ಬರಿಗೆ ವರ್ಷಕ್ಕೆ 7,200 ರೂ. ಹೆಚ್ಚು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ 14,400. ಊರಿಗೆ ಕಳಿಸುವ ರೊಕ್ಕದಲ್ಲೇ ಇದು ಕಡಿಮೆ ಆಗುತ್ತದೆ.

ಇಷ್ಟು ಕೊಟ್ಟವರಿಗೆ ವೇಳೆಯಾದರೂ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ದೇಶಕ್ಕೇ ಮೊದಲು

ವೇಳೆ ಉಳಿಸಲೆಂದೇ ಪುಣೆಯಲ್ಲಿ ಬಿಆರ್‌ಟಿ ಬಂದಿತ್ತು. ರಸ್ತೆಯಲ್ಲಿ ಒಂದು ಪಥವನ್ನು ಬಸ್ಸಿಗೇ ಮೀಸಲಿಡುವುದು ಇದರ ಮೂಲ. ಬ್ರೆಜಿಲ್‌ನ ಕುರಿಟಿಬಾ ನಗರ 1974ರಲ್ಲೇ ಇದನ್ನು ಮಾಡಿ ತೋರಿಸಿತ್ತು. ನಮ್ಮ ದೇಶದ ಮೊದಲ ಪ್ರಯೋಗ 2006ರ ಡಿಸೆಂಬರ್‌ನಲ್ಲಿ ಕಾತ್ರಜ–ಸ್ವಾರಗೇಟ್–ಹಡಪಸರ ಮಾರ್ಗದಲ್ಲಿ ಆಯಿತು. ಅಂದರೆ ನಮ್ಮ ಮಂದಿ ಇಳಿಯುವ ಸೊಲ್ಲಾಪುರ ರಸ್ತೆಯಲ್ಲೇ.

ಆದರೆ ಪಥ ಬಂದರೂ ವ್ಯವಸ್ಥೆ ಪೂರ್ತಿ ಬರಲಿಲ್ಲ. ಟಿಕೆಟ್ ಬಸ್ಸಿನೊಳಗೇ ಉಳಿಯಿತು. ಕಾರು, ಬೈಕು ಪಥದೊಳಗೆ ನುಗ್ಗಿದವು. ನಡು ರಸ್ತೆಯ ನಿಲ್ದಾಣ ಮುಟ್ಟಲು ಮಂದಿ ಜೀವ ಕೈಯಲ್ಲಿ ಹಿಡಿದು ದಾಟಬೇಕಾಯಿತು. ಕೊನೆಗೆ ಹಡಪಸರ ಕಡೆಯ ಮೀಸಲು ಪಥ ಉಳಿಯಲಿಲ್ಲ. 2023ರಲ್ಲಿ ನಗರ ರಸ್ತೆಯ ಪಥವನ್ನೂ ಕಿತ್ತರು. ದಟ್ಟಣೆಗೆ ಬಸ್ ಪಥವೇ ಕಾರಣ ಎಂಬ ದೂರು ಮೇಲುಗೈ ಆಯಿತು.

2022ರಲ್ಲಿ ಆರಂಭವಾದ ಮೆಟ್ರೊ 2024ರ ಸೆಪ್ಟೆಂಬರ್‌ನಲ್ಲಿ ಸ್ವಾರಗೇಟ್ ತನಕ ಬಂತು. ಹಡಪಸರದಲ್ಲಿ ಇಳಿದವರು ಆ ಮೆಟ್ರೊ ಮುಟ್ಟಲಿಕ್ಕೂ ಬಸ್ಸೇ ಬೇಕು.

ಚಿಗರಿ ಓಡಿದ್ದು ಹೇಗೆ?

ಕರ್ನಾಟಕದಲ್ಲಿ ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ಇದೆ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಚಿಗರಿ ಬಸ್ ಓಡಿತು. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ಟಿಕೆಟ್ ನಿಲ್ದಾಣದಲ್ಲೇ ಸಿಗುತ್ತದೆ, ಬಸ್ಸಿನ ಬಾಗಿಲು ಕಟ್ಟೆಗೆ ಸಮ ನಿಲ್ಲುತ್ತದೆ. ಮುದುಕರು ಮೆಟ್ಟಿಲು ಹತ್ತುವ ತ್ರಾಸಿಲ್ಲ.

ಅಲ್ಲಿಯೂ ತಕರಾರು ಇಲ್ಲ ಅಂತಲ್ಲ. ಉಳಿದ ವಾಹನಗಳಿಗೆ ರಸ್ತೆ ಸಾಲದು, ಮಳೆ ಬಂದರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಲ್ಲುತ್ತದೆ ಎಂಬ ದೂರು ಹಳೆಯದು. ಪಥವನ್ನೇ ತೆಗೆಯಿರಿ ಎಂಬ ಕೂಗೂ ಎದ್ದಿದೆ. ಆ ಕೂಗು ಕೇಳುವ ಮುಂಚೆ ಪುಣೆಯ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಲೆಕ್ಕ ಸರಳ ಐತಿ. ಒಂದು ಬಸ್ಸಿನಲ್ಲಿ ಐವತ್ತು ಮಂದಿ, ಒಂದು ಕಾರಿನಲ್ಲಿ ಒಬ್ಬರೋ ಇಬ್ಬರೋ. ರಸ್ತೆ ಹಂಚುವಾಗ ವಾಹನ ಎಣಿಸಬೇಕೋ, ಮಂದಿ ಎಣಿಸಬೇಕೋ? ಕಾರಿನವರ ದೂರು ಪಾಲಿಕೆ ತನಕ ಮುಟ್ಟುತ್ತದೆ. ಮಾಕಣಿಯಿಂದ ಹೋಗಿ ಬಾಡಿಗೆ ಖೋಲಿಯಲ್ಲಿ ಇರುವವನಿಗೆ ಅಲ್ಲಿ ಮತವೂ ಇಲ್ಲ, ದನಿಯೂ ಇಲ್ಲ. ಡ್ಯೂಟಿಗೆ ತಡ ಆದರೆ ಪಗಾರ ಕಟ್ ಆಗೋದು ಮಾತ್ರ ಅವನದೇ.

ದರ ಏರಿಸಿದವರು ಹಡಪಸರ–ಸ್ವಾರಗೇಟ್ ನಡುವೆ ಬೆಳಿಗ್ಗೆ, ಸಂಜೆಯಾದರೂ ಬಸ್ಸಿಗೆ ದಾರಿ ಬಿಡಿಸಿ ಕೊಡಬೇಕು. ಗಡಿಭಾಗದ ಜನಪ್ರತಿನಿಧಿಗಳು ಮುಂಬೈಗೆ ಹೋಗುವಾಗ ಹಡಪಸರ ದಾಟಿಯೇ ಹೋಗುತ್ತಾರೆ. ಈ ಮಾತನ್ನೂ ಜೊತೆಗೆ ಒಯ್ದರೆ ಊರಿನವರಿಗೆ ಉಪಕಾರ ಆದೀತು.